ಪೊರಕೆಯ ಜೊತೆಗೊಂದು ಲೆಕ್ಕದ ಪುಸ್ತಕ

ಊರಿನ ಸ್ವಯಂಸೇವಕರ ಸಮಿತಿಗಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಸ್ಥಳೀಯ ಆಡಳಿತವೇ ನೇಮಿಸುವ, ಆದರೆ ಸಂಬಳ ಇಲ್ಲದ ಸಮಿತಿ ಇದು. ಕೆಲವು ಕಡೆ ಆಯೋಗ ಅನ್ನುತ್ತಾರೆ, ಕೆಲವು ಕಡೆ ಮಂಡಳಿ. ಹೆಸರು ಏನೇ ಇರಲಿ, ಕೆಲಸ ಎರಡು. ಜನ ಕರೆಂಟು, ಇಂಧನ ಕಡಿಮೆ ಬಳಸುವ ಹಾಗೆ ಮಾಡುವುದು. ಊರು ಚೊಕ್ಕಟವಾಗಿರುವ ಹಾಗೆ ನೋಡಿಕೊಳ್ಳುವುದು. ಇಲ್ಲಿ ಕೂತವರಲ್ಲಿ ಕೆಲವರು ಆಗಲೇ ಇಂಥ ಸಮಿತಿಯಲ್ಲಿದ್ದೀರಿ. ಉಳಿದವರು ಸೇರಬೇಕೋ ಬೇಡವೋ ಅನ್ನುವ ಯೋಚನೆಯಲ್ಲಿದ್ದೀರಿ. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು: ಬರೀ ಗುಡಿಸಬೇಡಿ, ಎಣಿಸಿ, ಬರೆದಿಡಿ.

ಇಂಥ ಸಮಿತಿ ಮೊದಲ ವರ್ಷ ಏನು ಮಾಡುತ್ತದೆ ನೋಡಿ. ಒಂದು ಭಾನುವಾರ ಶ್ರಮದಾನ ಇಟ್ಟುಕೊಳ್ಳುತ್ತದೆ. ಕೈಗವಸು, ಚೀಲ, ಪೊರಕೆ, ಕೊನೆಗೆ ಎಲ್ಲರೂ ನಿಂತು ಒಂದು ಫೋಟೊ. ಆಮೇಲೆ ಒಂದಿಷ್ಟು ಎಲ್‌ಇಡಿ ಬಲ್ಬು ಹಂಚುತ್ತದೆ, ಗೋಡೆಗೆ ಪೋಸ್ಟರ್ ಅಂಟಿಸುತ್ತದೆ. ಎಲ್ಲರಿಗೂ ಖುಷಿ. ಎರಡನೇ ವರ್ಷ ಅದೇ ಜಾಗದಲ್ಲಿ ಅಷ್ಟೇ ಕಸ. ಮೂರನೇ ವರ್ಷ ಬರುವವರು ಅರ್ಧಕ್ಕರ್ಧ ಕಮ್ಮಿ. 'ಈ ಜನಕ್ಕೆ ಯಾವತ್ತೂ ಬುದ್ಧಿ ಬರಲ್ಲ' ಅನ್ನುವ ಮಾತು ಶುರುವಾಗುತ್ತದೆ. ಅಲ್ಲಿಗೆ ಸಮಿತಿ ಮುಗಿದ ಹಾಗೆಯೇ.

ತಪ್ಪು ಜನರ ಬುದ್ಧಿಯದ್ದು ಅಂತ ನಾನು ಒಪ್ಪುವುದಿಲ್ಲ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಎಷ್ಟು ಯೂನಿಟ್ ಉಳಿಯಿತು ಅಂತ ಯಾರೂ ಬರೆದಿಡಲಿಲ್ಲ. ಬರೆದಿಡದೇ ಹೋದರೆ ಮುಂದಿನ ಸಲ ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು ಅನ್ನುವುದೇ ತಿಳಿಯುವುದಿಲ್ಲ. ಗುಡಿಸುತ್ತಲೇ ಇರಬೇಕಾಗುತ್ತದೆ.

ಸಮಿತಿಯ ಅಧಿಕಾರ ಎಷ್ಟು ಅನ್ನುವುದನ್ನು ಮೊದಲು ನೋಡೋಣ. ಹೆಚ್ಚಿನ ಕಡೆ ಅದು ದಂಡ ಹಾಕುವಂತಿಲ್ಲ. ಆದೇಶ ಹೊರಡಿಸುವಂತಿಲ್ಲ. ದುಡ್ಡೂ ಅಷ್ಟಕ್ಕಷ್ಟೇ. ಸಲಹೆ ಕೊಡಬಹುದು, ವರದಿ ಕೊಡಬಹುದು. ಇದನ್ನು ಕೇಳಿ ಬಹಳ ಜನ ಹಿಂದೆ ಸರಿಯುತ್ತಾರೆ. 'ಬರೀ ಸಲಹೆ ಅಲ್ವಾ, ಯಾರು ಕೇಳ್ತಾರೆ' ಅನ್ನುತ್ತಾರೆ. ಆದರೆ ವರದಿಯನ್ನು ಆಡಳಿತದ ಮೇಜಿನ ಮೇಲೆ ಅಧಿಕೃತವಾಗಿ ಇಡುವ ಹಕ್ಕು ಸಣ್ಣದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1957ರಲ್ಲಿ ಒಂದು ಕಾನೂನು ಮಾಡಿತು. ಯಾವ ಊರು ಬೇಕಾದರೂ ತನ್ನದೇ ಸಂರಕ್ಷಣಾ ಆಯೋಗ ಮಾಡಿಕೊಳ್ಳಬಹುದು ಅಂತ. ಊರಿನ ಜನರೇ ಅದರ ಸದಸ್ಯರು. ಊರಿನ ತೆರೆದ ಜಾಗ, ಜೌಗು, ಹಳ್ಳ ಎಲ್ಲಿವೆ ಅಂತ ಪಟ್ಟಿ ಮಾಡುವುದು, ನಕ್ಷೆ ಬರೆಯುವುದು ಆ ಆಯೋಗಗಳಿಗೆ ಸಿಕ್ಕ ಮೊದಲ ಕೆಲಸಗಳಲ್ಲೊಂದು. ಮುಂದೆ ಜೌಗು ಪ್ರದೇಶ ಕಾಯುವ ಕಾನೂನು ಬಂದಾಗ ಅದನ್ನು ಜಾರಿ ಮಾಡುವ ಹೊಣೆಯೂ ಇದೇ ಆಯೋಗಗಳಿಗೆ ಬಂತು. ಮೊದಲು ಪಟ್ಟಿ, ಆಮೇಲೆ ಅಧಿಕಾರ.

ಕಸದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಉದಾಹರಣೆ ಟೆಕ್ಸಸ್ಸಿನದ್ದು. 1986ರಲ್ಲಿ ಲಿಂಡಾ ಮರಾನಿಸ್ ಅನ್ನುವವರು ಅಲ್ಲಿನ ಕಡಲತೀರದಲ್ಲಿ ಬಿದ್ದಿದ್ದ ಕಸ ನೋಡಿ ದಂಗಾದರು. ಕ್ಯಾಥಿ ಒಹಾರಾ ಎಂಬ ಗೆಳತಿ ಜೊತೆ ಸೇರಿ ಒಂದು ದಿನದ ಶ್ರಮದಾನ ಏರ್ಪಡಿಸಿದರು. ಸುಮಾರು 2,800 ಜನ ಬಂದರು. 124 ಟನ್ ಕಸ ಎತ್ತಿದರು. ಇಷ್ಟೇ ಆಗಿದ್ದರೆ ನಾನು ಇವತ್ತು ಆ ಕಥೆ ಹೇಳುತ್ತಿರಲಿಲ್ಲ. ಅವರು ಪ್ರತಿ ಗುಂಪಿನ ಕೈಗೂ ಒಂದು ಕಾರ್ಡು ಕೊಟ್ಟಿದ್ದರು. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಹಗ್ಗ ಎಷ್ಟು, ಬಲೆ ಎಷ್ಟು. ಎತ್ತುವಾಗಲೇ ಗೀಟು ಎಳೆಯಬೇಕು.

ಆ ಗೀಟುಗಳು ಒಂದು ವಿಷಯವನ್ನು ಬಯಲಿಗೆ ತಂದವು. ಆ ತೀರದ ಕಸದಲ್ಲಿ ಒಂದು ದೊಡ್ಡ ಪಾಲು ತೀರಕ್ಕೆ ಬಂದವರು ಎಸೆದದ್ದಲ್ಲ. ಸಮುದ್ರದಲ್ಲಿ ಓಡಾಡುವ ಹಡಗುಗಳಿಂದ ಬಂದದ್ದು. ಅಂದರೆ ತೀರದಲ್ಲಿ ಎಷ್ಟು ಪೋಸ್ಟರ್ ಹಾಕಿದರೂ ಆ ಪಾಲು ಕಮ್ಮಿಯಾಗುವಂತೆಯೇ ಇರಲಿಲ್ಲ. ಅದೇ ಹೊತ್ತಿಗೆ ಹಡಗುಗಳು ಕಡಲಿಗೆ ಪ್ಲಾಸ್ಟಿಕ್ ಸುರಿಯುವುದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದದ ಚರ್ಚೆ ನಡೆದಿತ್ತು. ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ ಅದು. ಸ್ವಯಂಸೇವಕರ ಈ ಲೆಕ್ಕ ಆ ಚರ್ಚೆಯಲ್ಲಿ ಸಾಕ್ಷಿಯಾಗಿ ಕೆಲಸಕ್ಕೆ ಬಂತು. ಅಮೆರಿಕ ಒಪ್ಪಿಕೊಂಡಿತು. 1988ರ ಕೊನೆಯ ದಿನ ಆ ಅನುಬಂಧ ಜಾರಿಗೆ ಬಂತು. ಒಂದು ಶನಿವಾರವೋ ಭಾನುವಾರವೋ ಮರಳಲ್ಲಿ ಬಗ್ಗಿ ಗೀಟು ಎಳೆದವರು ಹಡಗುಗಳ ಮೇಲಿನ ನಿಯಮದ ಚರ್ಚೆಯ ತನಕ ತಲುಪಿದ್ದರು. ಈ ಶ್ರಮದಾನ ಈಗ ಪ್ರತಿ ಸೆಪ್ಟೆಂಬರಿನಲ್ಲಿ ಜಗತ್ತಿನ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಎಣಿಸುವ ಪದ್ಧತಿಯನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ಹೆಚ್ಚಿನ ವರ್ಷಗಳಲ್ಲಿ ಅತಿ ಹೆಚ್ಚು ಸಿಕ್ಕ ವಸ್ತು ಏನು ಗೊತ್ತಾ? ಸಿಗರೇಟಿನ ತುದಿ. ಅದು ಹತ್ತಿಯ ಹಾಗೆ ಕಾಣುತ್ತದೆ, ಆದರೆ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್.

ಇಲ್ಲಿ ಒಂದು ಮಾತು. ಬಹಳ ಸಮಿತಿಗಳು ಕಸವನ್ನು ತೂಕ ಮಾಡುತ್ತವೆ. 'ಇಷ್ಟು ಟನ್ ಎತ್ತಿದೆವು' ಅಂತ ಹೇಳುವುದಕ್ಕೆ ಚೆನ್ನಾಗಿರುತ್ತದೆ. ತೂಕ ಬೇಡ ಅನ್ನುವುದಿಲ್ಲ. ಆದರೆ ತೂಕ ಏನನ್ನೂ ತಿಳಿಸುವುದಿಲ್ಲ. ಒಂದು ಹಳೇ ಟೈರು, ಎರಡು ಒದ್ದೆ ಹಾಸಿಗೆ ಸಿಕ್ಕಿಬಿಟ್ಟರೆ ಆ ದಿನದ ತೂಕ ಆಕಾಶಕ್ಕೇರುತ್ತದೆ. ಮೋರಿ ಕಟ್ಟಿಕೊಳ್ಳುವಂತೆ ಮಾಡುವ ಸಾವಿರ ಪುಟ್ಟ ಪೊಟ್ಟಣಗಳು ತೂಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬಿಡಿಬಿಡಿಯಾಗಿ ಎಣಿಸಿ.

ಎಣಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲವೂ ಇಲ್ಲಿದೆ. ಇಡೀ ಊರನ್ನು ಹಿಡಿಯಬೇಡಿ. ಒಂದು ಬೀದಿ ಸಾಕು, ಅದರಲ್ಲೂ ನೂರು ಮೀಟರ್ ಸಾಕು. ಹಾಳೆಯ ಎಡಗಡೆ ವಸ್ತುಗಳ ಹೆಸರು ಬರೆಯಿರಿ. ಹದಿನೈದಕ್ಕಿಂತ ಜಾಸ್ತಿ ಬೇಡ, ಜಾಸ್ತಿ ಆದರೆ ಗೀಟು ಎಳೆಯುವವರಿಗೆ ಗೊಂದಲ. ಒಬ್ಬರು ಎತ್ತಬೇಕು, ಎತ್ತಿದ್ದನ್ನು ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬರು ಬರೆಯಬೇಕು. ಮೂರನೆಯವರು ಸಿಕ್ಕಿದ ಜಾಗಕ್ಕೆ ನಕ್ಷೆಯ ಮೇಲೆ ಚುಕ್ಕಿ ಇಡಬೇಕು. ಈ ಮೂರನೆಯವರ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನಿಜವಾಗಿ ನೋಡಿದರೆ ಅದೇ ಮುಖ್ಯ.

ಚುಕ್ಕಿಗಳನ್ನು ಒಟ್ಟಿಗೆ ನೋಡಿದಾಗ ಕಸ ಎಲ್ಲ ಕಡೆ ಸಮವಾಗಿ ಬಿದ್ದಿಲ್ಲ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಗಾಳಿ ಬೀಸುವ ಕಡೆಯ ತಂತಿ ಬೇಲಿಗೆ ತೆಳು ಕವರುಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಮೋರಿಯ ಜಾಲರಿಯ ಮುಂದೆ ಮುಚ್ಚಳ, ಸ್ಟ್ರಾ ಬಂದು ನಿಂತಿರುತ್ತವೆ. ಜನ ಬಸ್ಸಿಗೆ ಕಾಯುವ ಜಾಗದ ಸುತ್ತ ಸಿಗರೇಟಿನ ತುದಿ. ಡಬ್ಬಿ ಇದ್ದೂ ಕಸ ಹೊರಗಿದ್ದರೆ ಡಬ್ಬಿಯನ್ನು ಸರಿಯಾಗಿ ನೋಡಿ. ಮುಚ್ಚಳ ಇಲ್ಲವೋ, ತುಂಬಿ ತುಳುಕುತ್ತಿದೆಯೋ, ಬಾಯಿ ಸಣ್ಣದೋ. ಡಬ್ಬಿಯಿಂದ ಗಾಳಿ ಎತ್ತಿಕೊಂಡು ಹೋದ ಕಸವನ್ನು ಯಾರೂ ಎಸೆದಿಲ್ಲ. ಅದಕ್ಕೆ ಬೇಕಾದದ್ದು ಮುಚ್ಚಳ, ಪೋಸ್ಟರ್ ಅಲ್ಲ. ಒಂದೊಂದು ಗುಡ್ಡೆಗೂ ಒಂದೊಂದು ಕಾರಣ ಇರುತ್ತದೆ. ಕಾರಣಕ್ಕೆ ಒಬ್ಬ ಹೊಣೆಗಾರ ಇರುತ್ತಾನೆ. ನಿಮ್ಮ ವರದಿ ಹೋಗಬೇಕಾದದ್ದು ಆತನ ಹತ್ತಿರಕ್ಕೆ.

ಎಸ್ಟೋನಿಯಾದವರು ಇದನ್ನು ದೇಶದ ಮಟ್ಟಕ್ಕೇ ಒಯ್ದರು. 2008ರ ಮೇ 3ರಂದು, ಹದಿಮೂರು ಲಕ್ಷ ಜನರಿರುವ ಆ ಪುಟ್ಟ ದೇಶದಲ್ಲಿ ಸುಮಾರು 50,000 ಜನ ಒಂದೇ ದಿನ ಬೀದಿಗಿಳಿದರು, ಕಾಡಿಗಿಳಿದರು. ಐದು ಗಂಟೆಗಳಲ್ಲಿ ಸುಮಾರು 10,000 ಟನ್ ಕಸ ತೆಗೆದರು. ಎಲ್ಲರೂ ಈ ಐದು ಗಂಟೆಯ ಕಥೆ ಹೇಳುತ್ತಾರೆ. ನಾನು ಅದಕ್ಕೂ ಹಿಂದಿನ ತಿಂಗಳುಗಳ ಕಥೆ ಹೇಳುತ್ತೇನೆ. ಸ್ವಯಂಸೇವಕರು ಮೊದಲೇ ಕಾಡು ಮೇಡು ಅಲೆದು, ಕದ್ದು ಸುರಿದ ಕಸದ 10,000ಕ್ಕೂ ಹೆಚ್ಚು ಜಾಗಗಳನ್ನು ಫೋಟೊ ತೆಗೆದು ನಕ್ಷೆಯಲ್ಲಿ ಗುರುತು ಮಾಡಿದ್ದರು. ಯಾವ ಜಾಗಕ್ಕೆ ಎಷ್ಟು ಜನ ಬೇಕು, ಯಾವ ಗಾಡಿ ಬೇಕು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಆ ಐದು ಗಂಟೆ ಸುಮ್ನೆ ಬಂದದ್ದಲ್ಲ.

ಎತ್ತಿದ ಜಾಗ ಮತ್ತೆ ಕೊಳೆಯಾಗುತ್ತದೆ, ಹಾಗಾದರೆ ಎತ್ತುವುದೇ ದಂಡ ಅಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ. ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ಊರಿನಲ್ಲಿ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. 2008ರಲ್ಲಿ ಅದು ಪ್ರಕಟವಾಯಿತು. ಸೈಕಲ್ ನಿಲ್ಲಿಸುವ ಒಂದು ಓಣಿ. ಪ್ರತಿ ಸೈಕಲ್ಲಿನ ಹ್ಯಾಂಡಲ್ಲಿಗೂ ಒಂದು ಜಾಹೀರಾತಿನ ಚೀಟಿ ಸಿಕ್ಕಿಸಿದರು. ಹತ್ತಿರ ಕಸದ ಡಬ್ಬಿ ಇಲ್ಲ. ಗೋಡೆ ಚೊಕ್ಕಟವಾಗಿದ್ದಾಗ ಚೀಟಿಯನ್ನು ಅಲ್ಲೇ ಬಿಸಾಡಿದವರು 33 ಶೇಕಡ. ಅದೇ ಗೋಡೆಯ ಮೇಲೆ ಅಡ್ಡಾದಿಡ್ಡಿ ಗೀಚಿಟ್ಟಾಗ 69 ಶೇಕಡ. ಓಣಿ ಅದೇ, ಅಲ್ಲಿಗೆ ಬಂದು ಹೋಗುವ ಜನರೂ ಅಂಥವರೇ. ಬದಲಾದದ್ದು ಗೋಡೆ ಮಾತ್ರ. ಶುಚಿಯಾದ ಜಾಗ ಜನರ ಕೈ ತಡೆಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಇಡೀ ಊರು ಗುಡಿಸುವುದಕ್ಕಿಂತ, ಒಂದೇ ಜಾಗವನ್ನು ಬಿಡದೆ ಚೊಕ್ಕಟವಾಗಿಟ್ಟುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಗಮನಿಸಿ, ಚೊಕ್ಕಟ ಗೋಡೆಯ ಮುಂದೆಯೂ ಮೂವರಲ್ಲಿ ಒಬ್ಬರು ಬಿಸಾಡಿದರು. ಡಬ್ಬಿ ಇರಲಿಲ್ಲವಲ್ಲ. ಡಬ್ಬಿ ಬೇಕೇ ಬೇಕು.

ಈಗ ಕರೆಂಟಿಗೆ ಬರೋಣ. ಕಸ ಕಣ್ಣಿಗೆ ಕಾಣುತ್ತದೆ, ಕರೆಂಟು ಕಾಣುವುದಿಲ್ಲ. ಹಾಗಾಗಿ ಇದನ್ನು ಜನರಿಗೆ ಮುಟ್ಟಿಸುವುದು ಹೆಚ್ಚು ಕಷ್ಟ. ಆದರೆ ಕಾಣುವ ಹಾಗೆ ಮಾಡಬಹುದು. ಅದಕ್ಕೆ ಯಾವ ಉಪಕರಣವೂ ಬೇಡ.

ಇವತ್ತು ರಾತ್ರಿ ಮನೆಗೆ ಹೋಗಿ ಹೀಗೆ ಮಾಡಿ. ಮಲಗುವ ಮುಂಚೆ ಎಲ್ಲ ದೀಪ ಆರಿಸಿ, ಫ್ರಿಜ್ಜಿನ ಪ್ಲಗ್ಗು ಸ್ವಲ್ಪ ಹೊತ್ತು ತೆಗೆಯಿರಿ. ಮನೆ ಪೂರ್ತಿ ಆರಿದೆ ಅಂತ ನಿಮಗೆ ಅನಿಸಬೇಕು. ಆಮೇಲೆ ಟಾರ್ಚ್ ಹಿಡಿದು ಮೀಟರ್ ಹತ್ತಿರ ಹೋಗಿ. ಡಿಜಿಟಲ್ ಮೀಟರ್ ಆಗಿದ್ದರೆ ಅದರಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕ ಒಂದು ಸಂಖ್ಯೆ ಬರೆದಿರುತ್ತದೆ. ಬಹಳ ಮೀಟರ್‌ಗಳಲ್ಲಿ 3200 ಅಂತ ಇರುತ್ತದೆ, ಕೆಲವದರಲ್ಲಿ ಬೇರೆ. 3200 ಅಂದರೆ ಒಂದು ಯೂನಿಟ್ ಆಗುವಷ್ಟರಲ್ಲಿ ಆ ದೀಪ 3200 ಸಲ ಮಿಟುಕುತ್ತದೆ. ಒಂದು ಮಿಟುಕಿಗೂ ಇನ್ನೊಂದು ಮಿಟುಕಿಗೂ ನಡುವೆ ಎಷ್ಟು ಸೆಕೆಂಡು ಅಂತ ನೋಡಿ. 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಸಿಗುವುದೇ ಆ ಕ್ಷಣಕ್ಕೆ ನಿಮ್ಮ ಮನೆ ಎಳೆಯುತ್ತಿರುವ ವ್ಯಾಟ್. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಮೊದಲು ಆ ಸಂಖ್ಯೆಯಿಂದ ಭಾಗಿಸಿಕೊಳ್ಳಿ, 1125ರ ಬದಲು ಅದನ್ನು ಬಳಸಿ.

ಉದಾಹರಣೆಗೆ 30 ಸೆಕೆಂಡಿಗೊಂದು ಸಲ ಮಿಟುಕುತ್ತಿದೆ ಅಂತಿಟ್ಟುಕೊಳ್ಳಿ. ಅಂದರೆ 37 ಚಿಲ್ಲರೆ ವ್ಯಾಟ್. 'ಎಲ್ಲ ಆಫ್ ಮಾಡಿದೀನಲ್ಲ, ಯಾವುದಿದು?' ಅಂತ ನೀವೇ ಹುಡುಕಲು ಶುರು ಮಾಡುತ್ತೀರಿ. ಟಿವಿಯ ಪೆಟ್ಟಿಗೆ, ವೈಫೈ, ರಿಮೋಟಿಗೆ ಕಾಯುತ್ತಾ ಕೂತ ಸಲಕರಣೆಗಳು, ಗೋಡೆಗೆ ಸಿಕ್ಕಿಸಿಟ್ಟ ಅಡಾಪ್ಟರ್‌ಗಳು. ಒಂದೊಂದೇ ಪ್ಲಗ್ಗು ತೆಗೆಯುತ್ತಾ ಹೋದ ಹಾಗೆ ಮಿಟುಕು ನಿಧಾನವಾಗುತ್ತದೆ. 37 ವ್ಯಾಟ್ ಸಣ್ಣದು ಅನಿಸಬಹುದು. ವರ್ಷವಿಡೀ ಹಗಲೂ ರಾತ್ರಿ ನಡೆದರೆ 320 ಯೂನಿಟ್ಟಿಗಿಂತ ಜಾಸ್ತಿ. ಯಾರೂ ಬಳಸದ ಯೂನಿಟ್ಟುಗಳು. ಲೆಕ್ಕ ಬಹಳ ಸುಲಭ: ಯಾವಾಗಲೂ ಹೊತ್ತಿರುವ ಒಂದೊಂದು ವ್ಯಾಟಿಗೂ ವರ್ಷಕ್ಕೆ 8.76 ಯೂನಿಟ್. 1990ರ ದಶಕದ ಕೊನೆಯಲ್ಲಿ ಸಲಕರಣೆಗಳ ಈ ಕಾಯುವ ಬಳಕೆಯನ್ನು ಒಂದು ವ್ಯಾಟಿಗೆ ಇಳಿಸಬೇಕು ಅನ್ನುವ ಪ್ರಸ್ತಾಪ ಜಗತ್ತಿನ ಮುಂದೆ ಬಂತು. ಅದಕ್ಕೆ ಬೆನ್ನೆಲುಬಾಗಿದ್ದವರಲ್ಲಿ ಒಬ್ಬರು ಅಮೆರಿಕದ ವಿಜ್ಞಾನಿ ಅಲನ್ ಮೇಯರ್. ಆ ಪ್ರಸ್ತಾಪ ಬಂದ ಮೇಲೆ ತಯಾರಕರು ಬದಲಾದರು. ಹೊಸ ಸಲಕರಣೆಗಳು ಈಗ ವಾಸಿ. ಹಳೆಯವು ಇನ್ನೂ ಮನೆಗಳಲ್ಲಿವೆ.

ಸಮಿತಿಯ ಸದಸ್ಯರೊಬ್ಬರು ಪಕ್ಕದ ಮನೆಯವರ ಜೊತೆ ನಿಂತು ಈ ಮಿಟುಕು ಎಣಿಸಿದರೆ ಅದು ಹತ್ತು ಭಾಷಣಕ್ಕೆ ಸಮ. ನಾನಿಲ್ಲಿ ಇಷ್ಟು ಹೊತ್ತು ಮಾತಾಡಿ ಮುಟ್ಟಿಸಲಾಗದ್ದನ್ನು ಆ ಕೆಂಪು ದೀಪ ಅರ್ಧ ನಿಮಿಷದಲ್ಲಿ ಮುಟ್ಟಿಸುತ್ತದೆ.

ಬಲ್ಬಿನ ಬಗ್ಗೆ ಒಂದು ಮಾತು. ಬಲ್ಬು ಬದಲಿಸುವುದು ಒಳ್ಳೆಯದೇ. ಹಳೇ 60 ವ್ಯಾಟಿನ ಬಲ್ಬು ಕೊಡುವ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ವರ್ಷಕ್ಕೆ 110 ಯೂನಿಟ್ ಹೋಗುತ್ತಿದ್ದ ಕಡೆ 16 ಚಿಲ್ಲರೆ. ಆದರೆ ಎಷ್ಟೋ ಸಮಿತಿಗಳು ಬಲ್ಬಿನಲ್ಲೇ ನಿಂತುಬಿಡುತ್ತವೆ. ಒಂದು ಬಕೆಟ್ ನೀರು ಕಾಯಿಸುವುದಕ್ಕೆ ಎಷ್ಟು ಬೇಕು ಗೊತ್ತಾ? 15 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 0.44 ಯೂನಿಟ್. ಅದೇ ಯೂನಿಟ್ಟಿನಲ್ಲಿ ಆ ಎಲ್‌ಇಡಿ ಎರಡು ದಿನ, ಎರಡು ರಾತ್ರಿ ಸತತವಾಗಿ ಉರಿಯುತ್ತದೆ. ಬಿಸಿ ಮಾಡುವುದು, ತಂಪು ಮಾಡುವುದು, ನೀರು ಮೇಲೆತ್ತುವುದು. ಕರೆಂಟು ಹೋಗುವುದು ಇವುಗಳಿಗೆ. ನೀರು ಕಾಯಿಸುವ ಯಂತ್ರದ ಥರ್ಮೋಸ್ಟಾಟನ್ನು ಇಳಿಸುವುದು, ಸೋಲಾರ್ ಹೀಟರ್ ಹಾಕಿಸುವುದು, ಸೋರುವ ಪೈಪು ಸರಿ ಮಾಡಿಸುವುದು, ಇಂಥವನ್ನು ಮೊದಲು ಹಿಡಿಯಿರಿ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ. ಎಳೆದರೆ ಸಲೀಸಾಗಿ ಬಂದುಬಿಟ್ಟರೆ ಅದರ ರಬ್ಬರು ಹೋಗಿದೆ ಅಂತ ಅರ್ಥ. ಹೊಸ ಫ್ರಿಜ್ಜು ತಂದವರು ಹಳೆಯದನ್ನು ಮೂಲೆಯಲ್ಲಿ ಹಾಗೇ ನಡೆಸುತ್ತಿದ್ದರೆ ಉಳಿತಾಯ ಏನೂ ಆಗುವುದಿಲ್ಲ, ಇನ್ನೂ ಜಾಸ್ತಿ ಖರ್ಚು.

ಜನರ ಮನಸ್ಸು ಬದಲಿಸುವುದು ಹೇಗೆ ಅನ್ನುವ ಪ್ರಶ್ನೆಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಎರಡು ಅಧ್ಯಯನಗಳು ನನಗೆ ಕಣ್ಣು ತೆರೆಸಿದವು. ಒಂದರಲ್ಲಿ ಮನೆ ಬಾಗಿಲಿಗೆ ಚೀಟಿ ತೂಗುಹಾಕಿದರು. ಕೆಲವು ಮನೆಗೆ 'ಪರಿಸರ ಉಳಿಸಿ', ಕೆಲವಕ್ಕೆ 'ದುಡ್ಡು ಉಳಿಸಿ', ಕೆಲವಕ್ಕೆ 'ಮುಂದಿನವರಿಗಾಗಿ ಉಳಿಸಿ', ಕೆಲವಕ್ಕೆ 'ನಿಮ್ಮ ಅಕ್ಕಪಕ್ಕದವರಲ್ಲಿ ಹೆಚ್ಚಿನವರು ಉಳಿಸುತ್ತಿದ್ದಾರೆ'. ಕರೆಂಟಿನ ಬಳಕೆ ಎಲ್ಲಕ್ಕಿಂತ ಹೆಚ್ಚು ಇಳಿದದ್ದು ಕೊನೆಯ ಚೀಟಿ ಹೋದ ಮನೆಗಳಲ್ಲಿ. ಸ್ವಾರಸ್ಯ ಏನು ಅಂದರೆ, ಕರೆಂಟು ಉಳಿಸಲು ಕಾರಣ ಏನು ಅಂತ ಜನರನ್ನು ನೇರವಾಗಿ ಕೇಳಿದಾಗ, ನೆರೆಯವರನ್ನು ನೋಡಿ ಮಾಡುವುದನ್ನು ಅವರು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದರು.

ಇನ್ನೊಂದು 2007ರಲ್ಲಿ ಪ್ರಕಟವಾದದ್ದು. ಸ್ಯಾನ್ ಮಾರ್ಕೋಸ್ ಊರಿನ ಸುಮಾರು 290 ಮನೆಗಳು. ನಿಮ್ಮ ಬಳಕೆ ಇಷ್ಟು, ನಿಮ್ಮ ನೆರೆಹೊರೆಯ ಸರಾಸರಿ ಇಷ್ಟು ಅಂತ ಬರೆದು ಕೊಟ್ಟರು. ಸರಾಸರಿಗಿಂತ ಜಾಸ್ತಿ ಬಳಸುತ್ತಿದ್ದವರು ಕಡಿಮೆ ಮಾಡಿದರು. ಆದರೆ ಕಡಿಮೆ ಬಳಸುತ್ತಿದ್ದವರು ಜಾಸ್ತಿ ಮಾಡಿಬಿಟ್ಟರು! 'ಓ, ನಾವೇ ಸುಮ್ನೆ ಬಿಗಿ ಹಿಡಿದಿದ್ದೇವೆ' ಅಂತ ಅನಿಸಿರಬೇಕು. ಅದಕ್ಕೆ ಮದ್ದು ಬಹಳ ಸರಳ. ಕಡಿಮೆ ಬಳಸಿದವರ ಚೀಟಿಯ ಮೇಲೆ ಒಂದು ನಗುಮುಖ ಬರೆದರು. ಅಷ್ಟಕ್ಕೇ ಅವರು ಮೊದಲಿನ ಹಾಗೇ ಉಳಿದರು. ಇದನ್ನು ನಾನು ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಸಮಿತಿಗಳು ಯಾವಾಗಲೂ ಹಾಳು ಮಾಡುವವರ ಹಿಂದೆ ಬೀಳುತ್ತವೆ. ಸರಿಯಾಗಿ ಮಾಡುತ್ತಿರುವವರಿಗೆ ಒಂದು ಶಹಭಾಸ್ ಹೇಳುವುದಿಲ್ಲ. ಹೇಳಬೇಕು. ಹೆಸರು ಹಿಡಿದು, ಮನೆಗೆ ಹೋಗಿ ಹೇಳಬೇಕು. ಇನ್ನು 'ಎಲ್ಲರೂ ಕರೆಂಟು ಪೋಲು ಮಾಡುತ್ತಿದ್ದಾರೆ, ಎಲ್ಲರೂ ಕಸ ಎಸೆಯುತ್ತಿದ್ದಾರೆ' ಅಂತ ಪೋಸ್ಟರ್ ಹಾಕುವುದಂತೂ ಬೇಡ. ಅದನ್ನು ಓದಿದವರಿಗೆ ತಿಳಿಯುವುದು ಎಲ್ಲರೂ ಹಾಗೇ ಮಾಡುತ್ತಾರೆ ಅನ್ನುವುದೊಂದೇ.

ಒಂದು ಊರು ಮನಸ್ಸು ಮಾಡಿದರೆ ಎಷ್ಟು ಕಡಿಮೆ ಮಾಡಬಹುದು? ಅಲಾಸ್ಕಾದ ಜೂನೋ ನಗರದಲ್ಲಿ 2008ರ ಏಪ್ರಿಲ್‌ನಲ್ಲಿ ಹಿಮಕುಸಿತವಾಗಿ ಜಲವಿದ್ಯುತ್ ಬರುವ ತಂತಿಯೇ ಕಡಿದುಹೋಯಿತು. ಡೀಸೆಲ್ ಯಂತ್ರ ನಡೆಸಬೇಕಾಯಿತು. ದರ ಸುಮಾರು ಐದು ಪಟ್ಟು ಏರಿತು. ಕೆಲವೇ ವಾರಗಳಲ್ಲಿ ಇಡೀ ಊರಿನ ಬಳಕೆ ಕಾಲು ಭಾಗದಷ್ಟು, ಕೆಲವು ದಿನ ಅದಕ್ಕೂ ಹೆಚ್ಚು ಇಳಿಯಿತು. ದರ ಏರಿದ್ದು ಮುಖ್ಯ ಕಾರಣ, ಅದನ್ನು ಮುಚ್ಚಿಡುವುದು ಬೇಡ. ಆದರೆ ತಂತಿ ಸರಿಯಾಗಿ, ದರ ಇಳಿದ ಮೇಲೂ ಆ ಉಳಿತಾಯದ ಒಂದು ಪಾಲು ಹಾಗೇ ಉಳಿಯಿತು. ಜನ ಒಮ್ಮೆ ತಮ್ಮ ಮನೆಯಲ್ಲಿ ಎಲ್ಲಿ ಸೋರುತ್ತಿದೆ ಅಂತ ಕಂಡುಕೊಂಡಿದ್ದರು. ಕಂಡ ಮೇಲೆ ಮರೆಯುವುದು ಕಷ್ಟ.

ಮನೆಗಳ ಬಗ್ಗೆ ಇಷ್ಟು ಹೇಳಿದೆ, ಊರಿನದೇ ಕಟ್ಟಡಗಳನ್ನೂ ಬಿಡಬೇಡಿ. ಹಗಲಲ್ಲೂ ಉರಿಯುವ ಬೀದಿದೀಪ ಎಲ್ಲರಿಗೂ ಕಾಣುತ್ತದೆ, ಯಾರೂ ಎಣಿಸುವುದಿಲ್ಲ. 100 ವ್ಯಾಟಿನ ಒಂದು ದೀಪ ಹಗಲು 12 ಗಂಟೆ ಸುಮ್ನೆ ಉರಿದರೆ ವರ್ಷಕ್ಕೆ 438 ಯೂನಿಟ್. ಒಂದು ವಾರ ಬೆಳಿಗ್ಗೆ ನಡೆಯಲು ಹೋಗುವವರೇ ಕಂಬದ ಸಂಖ್ಯೆ ಬರೆದುಕೊಂಡು ಬರಲಿ. 'ಬೀದಿದೀಪಗಳು ಹಗಲಲ್ಲಿ ಉರಿಯುತ್ತಿವೆ' ಅನ್ನುವ ದೂರಿಗೆ ಉತ್ತರ ಬರುವುದಿಲ್ಲ. ಕಂಬದ ಸಂಖ್ಯೆ, ತಾರೀಕು, ಹೊತ್ತು, ಹೋದ ಯೂನಿಟ್ ಇರುವ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಕಸ ಮತ್ತು ಕರೆಂಟು ಬೇರೆ ಬೇರೆ ವಿಷಯ, ಒಂದೇ ಸಮಿತಿಗೆ ಯಾಕೆ ಅಂತ ಕೇಳುತ್ತಾರೆ. ಎಲ್‌ಇಡಿ ಹಂಚಿದ ದಿನವೇ ಉತ್ತರ ಸಿಗುತ್ತದೆ. ಹೊಸ ಬಲ್ಬು ಹಾಕಿದರು, ಹಳೆಯದು ಎಲ್ಲಿಗೆ ಹೋಯಿತು? ಹಳೆಯದು ಸಿಎಫ್ಎಲ್ ಅಥವಾ ಟ್ಯೂಬ್‌ಲೈಟ್ ಆಗಿದ್ದರೆ ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಡಬ್ಬಿಗೆ ಎಸೆದರೆ ಅದು ಒಡೆಯುತ್ತದೆ, ಗಾಳಿಗೆ ಸೇರುತ್ತದೆ, ಕಸ ಎತ್ತುವವರ ಕೈಗೆ ತಾಗುತ್ತದೆ. ಆದ್ದರಿಂದ ಹಳೆಯದನ್ನು ತಂದುಕೊಟ್ಟವರಿಗೇ ಹೊಸದು ಅಂತ ನಿಯಮ ಮಾಡಿ. ಹಳೆಯವನ್ನು ಅಧಿಕೃತವಾಗಿ ವಿಲೇವಾರಿ ಮಾಡುವವರಿಗೆ ಒಪ್ಪಿಸಿ. ಮನೆಯಲ್ಲಿ ಒಡೆದರೆ ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಆಚೆ ಹೋಗಿ. ಆಮೇಲೆ ಗಟ್ಟಿ ಕಾಗದದಿಂದ ಒಟ್ಟುಮಾಡಿ, ಅಂಟುಪಟ್ಟಿಯಿಂದ ಪುಡಿ ತೆಗೆಯಿರಿ. ವ್ಯಾಕ್ಯೂಮ್ ಹಾಕಬೇಡಿ, ಪುಡಿ ಹರಡುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನೂ ಕಸಕ್ಕೆ ಹಾಕಬೇಡಿ. ಕಸದ ಗಾಡಿಯಲ್ಲಿ ಬೆಂಕಿ ಹತ್ತುವುದು ಹೀಗೇ.

ಶ್ರಮದಾನದ ದಿನ ಇನ್ನೂ ಒಂದೆರಡು ಎಚ್ಚರ. ಸೂಜಿ, ಒಡೆದ ಗಾಜು ಮಕ್ಕಳ ಕೈಗೆ ಸಿಗದಿರಲಿ. ಒಟ್ಟುಮಾಡಿದ್ದನ್ನು ಅಲ್ಲೇ ಸುಡಬೇಡಿ. ಪಿವಿಸಿ ಅನ್ನುವ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಬರುತ್ತದೆ. ಎತ್ತಿದ ಚೀಲ ಯಾವ ಗಾಡಿಯಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಹಿಂದಿನ ದಿನವೇ ಖಾತ್ರಿ ಮಾಡಿಕೊಳ್ಳಿ. ಚೀಲಗಳು ಮೂರು ದಿನ ರಸ್ತೆ ಬದಿಯಲ್ಲೇ ಕೂತಿದ್ದರೆ ಬಂದವರು ಮುಂದಿನ ಸಲ ಬರುವುದಿಲ್ಲ.

ಈ ಮಾತು ಬಂದಾಗ ಒಂದು ವಿಷಯವನ್ನು ನಾನು ಎಲ್ಲ ಕಡೆಯೂ ಹೇಳುತ್ತೇನೆ. ದಿನವೂ ಬೀದಿ ಗುಡಿಸುವ ಕೆಲಸಗಾರರು ಇದ್ದಾರಲ್ಲ, ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಯಾವ ಮೂಲೆಗೆ ಯಾರು ರಾತ್ರಿ ಹೊತ್ತು ಬಂದು ಸುರಿಯುತ್ತಾರೆ, ಯಾವ ಡಬ್ಬಿ ಬುಧವಾರಕ್ಕೇ ತುಂಬುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಸಮಿತಿಯ ಮೊದಲ ಸಭೆಗೇ ಅವರನ್ನು ಕರೆಯಿರಿ. ಕುರ್ಚಿ ಹಾಕಿ ಕೂರಿಸಿ ಕೇಳಿ. ಇನ್ನೊಂದು: ಸ್ವಯಂಸೇವಕರು ಬಿಟ್ಟಿ ಗುಡಿಸುತ್ತಾರೆ ಅಂತ ಯಾರಾದರೂ ಸಂಬಳದ ಕೆಲಸಗಾರರ ಸಂಖ್ಯೆ ಕಡಿತ ಮಾಡಲು ನೋಡಿದರೆ ಸಮಿತಿ ಎದ್ದು ನಿಂತು ಬೇಡ ಅನ್ನಬೇಕು. ನಮ್ಮ ಶ್ರಮದಾನ ಯಾರ ಅನ್ನವನ್ನೂ ಕಿತ್ತುಕೊಳ್ಳಬಾರದು. ನಮ್ಮ ಲೆಕ್ಕ ಅವರಿಗೆ ಒಳ್ಳೆಯ ಗಾಡಿ, ಒಳ್ಳೆಯ ಕೈಗವಸು ಕೊಡಿಸುವುದಕ್ಕೆ ಉಪಯೋಗವಾಗಬೇಕು.

'ವರದಿ ಕೊಟ್ಟೆವು, ಉತ್ತರವೇ ಬರಲಿಲ್ಲ, ಆಗೇನು ಮಾಡುವುದು' ಅಂತ ಅಲ್ಲಿ ಹಿಂದಿನ ಸಾಲಿನವರು ಕೇಳಿದರು. ಹೀಗಾಗುವುದೇ ಹೆಚ್ಚು. ಬೇಸರ ಆಗುತ್ತದೆ, ಗೊತ್ತು. ವರದಿ ಒಂದೇ ಪುಟ ಇರಲಿ. ಒಂದೇ ಬೇಡಿಕೆ ಇರಲಿ. ಈ ಎರಡು ಡಬ್ಬಿಗಳಿಗೆ ಮುಚ್ಚಳ ಹಾಕಿಸಿ, ಈ ಹನ್ನೊಂದು ಕಂಬಗಳ ಟೈಮರ್ ಸರಿ ಮಾಡಿಸಿ, ಅಷ್ಟೇ. ಕೇಳಿದ್ದೆಲ್ಲ ಒಂದೇ ಕಾಗದದಲ್ಲಿ ಸೇರಿಸಿದರೆ ಯಾವುದೂ ಆಗುವುದಿಲ್ಲ. ಎರಡು ತಿಂಗಳು ಬಿಟ್ಟು ಅದೇ ಜಾಗವನ್ನು ಮತ್ತೆ ಎಣಿಸಿ. ಹೊಸ ಲೆಕ್ಕವನ್ನು ಹಳೆಯದರ ಪಕ್ಕ ಇಟ್ಟು ಮತ್ತೆ ಕೊಡಿ, ಹಿಂದಿನ ಕಾಗದದ ತಾರೀಕು ಮೇಲೇ ಬರೆಯಿರಿ. ಸಾರ್ವಜನಿಕರು ಮಾತಾಡಬಹುದಾದ ಸಭೆ ಇದ್ದರೆ ಅಲ್ಲಿ ಹೋಗಿ ಆ ಎರಡು ಸಂಖ್ಯೆ ಓದಿ. ಮುಚ್ಚಳ ಬಂತು ಅಂತಿಟ್ಟುಕೊಳ್ಳಿ. ಆಮೇಲೆ ಎಣಿಸಿದ್ದನ್ನೂ ಕೊಂಡೊಯ್ದು ತೋರಿಸಿ. ಕೆಲಸ ಮಾಡಿಕೊಟ್ಟ ಅಧಿಕಾರಿಗೆ ಎಲ್ಲರ ಮುಂದೆ ಧನ್ಯವಾದ ಹೇಳಿ. ಮುಂದಿನ ಬೇಡಿಕೆಗೆ ಅವರೇ ಬಾಗಿಲು ತೆರೆಯುತ್ತಾರೆ.

ಕೊನೆಯದಾಗಿ, ಈ ಲೆಕ್ಕದ ಪುಸ್ತಕ ಯಾರ ಹತ್ತಿರ ಇರಬೇಕು ಅನ್ನುವುದು. ಸಮಿತಿಯ ಸದಸ್ಯರು ಬದಲಾಗುತ್ತಾರೆ. ಒಬ್ಬರು ಊರು ಬಿಡುತ್ತಾರೆ, ಒಬ್ಬರಿಗೆ ಕೆಲಸ ಜಾಸ್ತಿಯಾಗುತ್ತದೆ. ಲೆಕ್ಕವೆಲ್ಲ ಒಬ್ಬರ ಮೊಬೈಲಿನಲ್ಲಿದ್ದರೆ ಅವರ ಜೊತೆಗೇ ಹೋಗಿಬಿಡುತ್ತದೆ. ಹಾಗಾಗಿ ಕಾಗದದ ಪುಸ್ತಕ ಒಂದು ಗ್ರಂಥಾಲಯದಂಥ ಎಲ್ಲರೂ ಬಂದು ಹೋಗುವ ಜಾಗದಲ್ಲಿರಲಿ, ಅದರ ಪ್ರತಿ ಒಂದು ಆಡಳಿತದ ಕಚೇರಿಯಲ್ಲಿರಲಿ. ಎಣಿಸುವ ಹಾಳೆಯನ್ನು ವರ್ಷ ವರ್ಷ ಬದಲಿಸಬೇಡಿ. ಅದೇ ಬೀದಿ, ಅದೇ ನೂರು ಮೀಟರ್, ಅದೇ ತಿಂಗಳು, ಅದೇ ಹದಿನೈದು ಹೆಸರುಗಳು. ಹೊಸದಾಗಿ ಸೇರಿದವರಿಗೆ ಭಾಷಣ ಬೇಡ, ಮೊದಲ ದಿನವೇ ಹಾಳೆ, ಪೆನ್ಸಿಲ್ ಕೊಟ್ಟು ಹಳಬರೊಬ್ಬರ ಜೊತೆ ಆ ಬೀದಿಗೆ ಕಳಿಸಿ. ಹಾಳೆಯ ಮಾದರಿ ಬೇಕಾದವರು ಈಗಲೇ ಮುಂದೆ ಬನ್ನಿ, ಕೆಲವು ಪ್ರತಿ ತಂದಿದ್ದೇನೆ.